ಹುಳು ಮನೆಯ ಮಳೆ

ಇದನ್ನು ನಂಬಿ ಅಂತ ನಾನು ಯಾರ ಕಾಲೂ ಹಿಡಿಯುವುದಿಲ್ಲ. ನಡೆದದ್ದು ನಡೆದಿದೆ. ನಡೆದ ಕೋಣೆಯಲ್ಲೇ ಕೂತು ಹೇಳುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಬೇಕಾದರೆ ಓದಿ, ಬೇಡವಾದರೆ ಬಿಡಿ.

ನಾನು ಹುಟ್ಟುಕುರುಡಿ. ಈ ಮಾತಿಗೆ ನಿಮ್ಮ ಬಾಯಿಂದ 'ಅಯ್ಯೋ ಪಾಪ' ಅಂತ ಬಂದಿದ್ದರೆ ಅದನ್ನು ಹಾಗೇ ವಾಪಸ್ ನುಂಗಿಕೊಳ್ಳಿ. ಕತ್ತಲೆಗೆ ಹೆದರುವವರು ನೀವು. ನನಗೆ ಕತ್ತಲೆಯೂ ಗೊತ್ತಿಲ್ಲ, ಬೆಳಕೂ ಗೊತ್ತಿಲ್ಲ. ಕರೆಂಟು ಹೋದದ್ದು ಫ್ಯಾನು ನಿಂತಾಗ ತಿಳಿಯುತ್ತದೆ, ಅಷ್ಟೆ. ರಾತ್ರಿ ಅಂದ ಮಾತ್ರಕ್ಕೆ ನಡುಗುವ ಹೆಂಗಸು ನಾನಲ್ಲ. ಆದರೂ ನಡುಗಿದೆ... ಅದಕ್ಕೇ ಹೇಳುತ್ತಿದ್ದೇನೆ.

ಹೆಸರು ವಿಮಲ. ಹುಟ್ಟಿದ್ದು ಮಾಸ್ತಿ ಪಕ್ಕದ ಹಳ್ಳಿ. ಕೊಳಲು ನನ್ನ ಕಸುಬು. ಕೋಲಾರದಲ್ಲಿದ್ದ ನನ್ನ ಗುರುಗಳು ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ತೂತು ಮುಚ್ಚುವುದನ್ನು ಕಲಿಸಿದರು, ಬೆನ್ನಿನ ಮೇಲೆ ತಟ್ಟಿ ತಟ್ಟಿ ತಾಳ ಕೂರಿಸಿದರು. ಪಕ್ಕವಾದ್ಯದವರ ಮುಖ ನೋಡದೆ ಕಚೇರಿ ಹೇಗೆ ನಡೆಸುತ್ತೀರಿ ಅಂತ ಜನ ಕೇಳುತ್ತಾರೆ. ಮೃದಂಗದವನು ಉಸಿರು ಎಳೆದುಕೊಳ್ಳುವುದು ನನಗೆ ಕೇಳಿಸುತ್ತದೆ. ಅಷ್ಟು ಸಾಕು.

ಒಮ್ಮೆ ನಂಗಲಿಯಲ್ಲಿ ಕಚೇರಿ ಇತ್ತು. ಹಿಂದೆ ಹೈವೇ, ಲಾರಿಗಳ ಹಾರನ್ನು. ನಿರೂಪಕ ಮೈಕು ಹಿಡಿದು, "ಕಣ್ಣಿಲ್ಲದಿದ್ದರೂ ಎಷ್ಟು ಚೆನ್ನಾಗಿ ಕೊಳಲು ಊದುತ್ತಾರೆ ನೋಡಿ" ಅಂದ. ನಾನು ಮೈಕು ಕಿತ್ತುಕೊಂಡು, "ಕಣ್ಣಿನಿಂದ ಊದುವವರು ಯಾರಾದರೂ ಇದ್ದರೆ ಕರೆಸಿ, ನಾನೂ ಕಲಿತುಕೊಳ್ಳುತ್ತೇನೆ" ಅಂದೆ. ಜನ ನಕ್ಕರು. ಆ ಸಮಿತಿಯವರು ನನ್ನನ್ನು ಮತ್ತೆ ಕರೆದಿಲ್ಲ.

ಇಷ್ಟೆಲ್ಲ ಬಾಯಿ ಇದ್ದರೂ ನನಗೊಂದು ಮನೆ ಇರಲಿಲ್ಲ. ಮಾಲೂರಿನಲ್ಲಿ ತಮ್ಮ ಮಂಜು ಮನೆಯಲ್ಲಿದ್ದೆ. ಮಂಜು ಒಳ್ಳೆಯವನು, ಒಳ್ಳೆಯತನದಲ್ಲೇ ನನ್ನ ಉಸಿರು ಕಟ್ಟಿಸಿದ್ದ. ಸ್ಟವ್ ಮುಟ್ಟಬೇಡ, ಮೆಟ್ಟಿಲು ಇಳಿಯಬೇಡ, ಕೂತ್ಕೊ ಅಕ್ಕ, ನಾನು ತಂದ್ಕೊಡ್ತೀನಿ. ಕೊಳಲು ಸಾಧನೆಗೆ ಕೂತರೆ ಪಕ್ಕದ ಮನೆಯವರಿಗೆ ತೊಂದರೆ. ಬಾಗಿಲ ಸಂದಿಗೆ ಟವಲು ತುರುಕಿ ನುಡಿಸುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಳಗಿನಿಂದ ನಾನೇ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು.

ಮುಳಬಾಗಿಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಅಲ್ಲೇ ಬಾಡಿಗೆಗೆ ಹುಡುಕಿದೆ. ಒಂಟಿ ಹೆಂಗಸು, ಅದರಲ್ಲೂ ಕಣ್ಣಿಲ್ಲದವಳು ಅಂದರೆ ಒಬ್ಬೊಬ್ಬರದೂ ಒಂದೊಂದು ರಾಗ. ಗ್ಯಾಸ್ ಆರಿಸುವುದು ಮರೆತರೆ? ಬಾವಿಗೆ ಬಿದ್ದರೆ? ಕೊನೆಗೆ ಒಬ್ಬಳು ಶಿಷ್ಯೆಯ ಅಜ್ಜಿ ನಾರಾಯಣಮ್ಮ ಸಿಕ್ಕಿದರು. ಅವರದು ಬೈರಕೂರಿನ ಹತ್ತಿರದ ಹಳ್ಳಿ. ಮನೆಯ ಹಿಂದೆ ಬೇರೆಯಾಗಿಯೇ ಕಟ್ಟಿದ್ದ ಒಂದು ಉದ್ದನೆಯ ಕೋಣೆ ಖಾಲಿ ಇತ್ತು.

"ಮುಂಚೆ ರೇಷ್ಮೆ ಹುಳು ಮೇಯಿಸ್ತಿದ್ದ ಮನೆ ಕಣಮ್ಮ. ಈಗ ಬಿಟ್ಬಿಟ್ವಿ. ನೀನಿರಂಗಿದ್ರೆ ಇರು," ಅಂದರು. ಬಾಗಿಲಾಚೆಯೇ ನಿಂತು ಹೇಳಿದರು, ಒಳಗೆ ಬರಲಿಲ್ಲ.

ನಾನು ಒಳಗೆ ಹೋಗಿ ಕೈ ತಟ್ಟಿದೆ. ಎತ್ತರದ ಸೂರು, ಒಳ್ಳೆಯ ಗೋಡೆ. ಕೊಳಲು ತೆಗೆದು ಷಡ್ಜ ಹಿಡಿದರೆ ನಾದ ಕೋಣೆಯ ಆ ತುದಿಗೆ ಹೋಗಿ ನಿಧಾನವಾಗಿ ಮರಳಿ ಬಂತು. ನನ್ನ ಕಣ್ಣಲ್ಲಿ ನೀರು ಬಂತು. ಇದೇ ನನ್ನ ಮನೆ ಅಂದುಕೊಂಡುಬಿಟ್ಟೆ.

ಮಂಜು ಗೊಣಗುತ್ತಲೇ ಮಂಚ, ಸ್ಟವ್ ತಂದು ಹಾಕಿದ. "ಒಂದು ತಿಂಗ್ಳು ನೋಡೋಣ ಅಕ್ಕ. ಏನಾದ್ರೂ ಒಂದು ಆಯ್ತು ಅಂದ್ರೆ ಮಾತಿಲ್ದೆ ವಾಪಸ್ ಬಂದ್ಬಿಡ್ಬೇಕು. ಆಮೇಲೆ ಬೇರೆ ಮನೆ ಗೀನೆ ಅನ್ನಂಗಿಲ್ಲ," ಅಂದ.

"ಆಯ್ತು ಹೋಗೋ," ಅಂತ ಕೈಮೇಲೆ ಕೈಹಾಕಿ ಕಳಿಸಿದೆ. ಚಿಲಕ ಹಾಕಿಕೊಂಡು ಅದರ ಸದ್ದನ್ನು ಎರಡು ಸಲ ಕೇಳಿದೆ.

ಅವತ್ತು ರಾತ್ರಿ ಎಚ್ಚರವಾದಾಗ ಹೊರಗೆ ಮಳೆ ಹನಿಯುತ್ತಿತ್ತು. ಸಣ್ಣಗೆ, ಒಂದೇ ಸಮನೆ... ಸರಸರ, ಸರಸರ. ಒಗೆದ ಸೀರೆ ಹೊರಗೆ ಹರವಿದ್ದು ನೆನಪಾಗಿ ಎದ್ದು ಹೋದೆ. ಅಂಗಳಕ್ಕಿಳಿದು ಅಂಗೈ ಚಾಚಿದೆ. ಒಂದು ಹನಿಯೂ ಬೀಳಲಿಲ್ಲ. ಕಾಲಡಿಯ ಮಣ್ಣು ಬೆಚ್ಚಗೆ, ಒಣಗಿ ಪುಡಿಪುಡಿಯಾಗಿತ್ತು.

ಸದ್ದು ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ಕೋಣೆಯ ಒಳಗಿನಿಂದ.

ಬಾಗಿಲಲ್ಲೇ ನಿಂತೆ. ಹಸಿ ಸೊಪ್ಪಿನ ವಾಸನೆ ಬಂತು, ಜೊತೆಗೆ ಉದುರಿಸಿದ ಸುಣ್ಣದ ಪುಡಿಯದು. ಆಗ ಗೊತ್ತಾಯಿತು. ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯವರು ಹುಳು ಸಾಕುತ್ತಿದ್ದರು. ಚಿಕ್ಕವಳಿದ್ದಾಗ ಅವರ ಗೋಡೆಗೆ ಕಿವಿಯಿಟ್ಟು ಗಂಟೆಗಟ್ಟಲೆ ಕೂತಿದ್ದೇನೆ. ಸಾವಿರಾರು ಹುಳುಗಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಥೇಟ್ ಮಳೆಯದೇ.

ಆದರೆ ಈ ಕೋಣೆಯಲ್ಲಿ ಹುಳು ಎಲ್ಲಿಂದ ಬರಬೇಕು? ಗೋಡೆ ಹಿಡಿದು ಒಂದು ಸುತ್ತು ಬಂದೆ. ನೆಲ ತಡವಿದೆ, ಮೂಲೆ ತಡವಿದೆ. ಬರಿಯ ಗೋಡೆ, ಬರಿಯ ನೆಲ. ನಾನು ಹೋದಲ್ಲೆಲ್ಲ ಸದ್ದು ತೋಳಿನಷ್ಟೇ ದೂರದಲ್ಲಿ ಇರುತ್ತಿತ್ತು. ಬೇರೇನೂ ತೋಚದೆ ಕೊಳಲು ಎತ್ತಿಕೊಂಡು ಒಂದು ಸ್ವರ ಊದಿದೆ.

ಸದ್ದು ಥಟ್ಟನೆ ನಿಂತಿತು. ನಾನು ಕೊಳಲು ಕೆಳಗಿಳಿಸಿದೆ... ಮತ್ತೆ ಶುರುವಾಯಿತು.

ಬೆಳಿಗ್ಗೆ ನಾರಾಯಣಮ್ಮ ಕಾಫಿ ತಂದಾಗ, "ರಾತ್ರಿ ಕೋಣೇಲಿ ಏನೋ ಸದ್ದಾಗ್ತಿತ್ತಮ್ಮ," ಅಂದೆ, ಏನೂ ಆಗಿಲ್ಲದವಳ ಹಾಗೆ.

ಅವರು ಲೋಟ ನನ್ನ ಕೈಗಿಟ್ಟರು. "ಇಲಿ ಇರ್ಬೇಕು ಕಣಮ್ಮ," ಅಂದರು. ಆದರೆ ಹಿಂದಿರುಗಿ ಹೋಗುವಾಗ ತಮ್ಮಷ್ಟಕ್ಕೆ ತೆಲುಗಿನಲ್ಲಿ, "ಮಳ್ಳೀ ವಚ್ಚಿಂದಾ..." ಅಂದದ್ದು ನನಗೆ ಕೇಳಿಸಿತು. ಮತ್ತೆ ಬಂತಾ, ಅಂತ. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ, ಅಷ್ಟೂ ಅವರಿಗೆ ಹೊಳೆಯಲಿಲ್ಲ.

ನಾನು ಕೆದಕಲಿಲ್ಲ. ಕೆದಕಿದರೆ ಮಂಜುಗೆ ಸುದ್ದಿ ಹೋಗುತ್ತದೆ. ಸದ್ದು ತಾನೆ, ಇರಲಿ ಬಿಡು ಅಂದುಕೊಂಡೆ. ಮಾಲೂರಿನಲ್ಲಿ ಟಿವಿ ಸದ್ದಿನ ಜೊತೆ ಬದುಕಿದವಳಿಗೆ ಇದೇನು ದೊಡ್ಡದು? ಹಗಲು ಬಸ್ಸು ಹತ್ತಿ ಮುಳಬಾಗಿಲಿಗೆ ಹೋಗಿ ಪಾಠ ಹೇಳಿ ಬರುತ್ತಿದ್ದೆ, ನಾನೇ ಅನ್ನ ಸಾರು ಮಾಡಿಕೊಳ್ಳುತ್ತಿದ್ದೆ, ರಾತ್ರಿ ಹೊದಿಕೆ ಕಿವಿಯ ತನಕ ಎಳೆದುಕೊಂಡು ಮಲಗುತ್ತಿದ್ದೆ. ಮಂಜು ಫೋನು ಮಾಡಿ, "ಎಲ್ಲಾ ಸರೀನಾ ಅಕ್ಕ?" ಅಂದರೆ, "ಸರಿಯಾಗೇ ಐತೆ," ಅನ್ನುತ್ತಿದ್ದೆ.

ಒಂದು ರಾತ್ರಿ ಸದ್ದು ಬರಲೇ ಇಲ್ಲ. ಸದ್ಯ ಮುಗಿಯಿತು ಅಂತ ನಿಟ್ಟುಸಿರು ಬಿಟ್ಟೆ. ಮರುದಿನ ರಾತ್ರಿ ಮರಳಿ ಬಂತು. ಮೊದಲಿಗಿಂತ ಜೋರಾಗಿ, ದಪ್ಪ ಹನಿಯ ಮಳೆಯ ಹಾಗೆ.

ಆಗ ನಿಜವಾಗಿ ಹೆದರಿದೆ. ಯಾಕೆ ಅಂತ ಹುಳು ಸಾಕಿದವರಿಗೆ ಗೊತ್ತಾಗುತ್ತದೆ. ಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ಅಲ್ಲಾಡದೆ ಮಲಗಿ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಪ್ರತಿ ಜ್ವರ ಬಿಟ್ಟೆದ್ದ ಮೇಲೂ ಮೊದಲಿಗಿಂತ ಹಸಿವು ಹೆಚ್ಚು. ಅಂದರೆ ಈ ಕೋಣೆಯಲ್ಲಿದ್ದದ್ದು ಸುಮ್ಮನೆ ಸದ್ದಲ್ಲ. ಅದು ದಿನದಿನಕ್ಕೂ ಬೆಳೆಯುತ್ತಿತ್ತು.

ಇನ್ನೂ ಮೂರು ಸಲ ಹೀಗೇ ನಿಶ್ಶಬ್ದವಾಯಿತು. ಮೂರು ಸಲವೂ ಮರಳಿ ಎದ್ದಿತು. ಈಗ ಹೊದಿಕೆಯೊಳಗೂ ಕೇಳಿಸುವಷ್ಟು ಜೋರು. ಅದೇ ಹೊತ್ತಿಗೆ ಸರಿಯಾಗಿ, ಹೇಳದೆ ಕೇಳದೆ, ಮಂಜು ಬಂದಿಳಿದ. "ಇವತ್ತು ಇಲ್ಲೇ ಮಲಗ್ತೀನಿ ಅಕ್ಕ," ಅಂತ ಚಾಪೆ ಹಾಸಿಕೊಂಡ. ಬೇಡ ಅನ್ನಲು ನನ್ನ ಹತ್ತಿರ ನೆಪ ಇರಲಿಲ್ಲ.

ನಡುರಾತ್ರಿ ಅವನು ಮಗ್ಗುಲಾದ.

"ಅಕ್ಕ... ಮಳೆ ಜೋರಾಗಿ ಬರ್ತಾ ಐತೆ. ಬಟ್ಟೆ ಒಳಗೆ ತಂದಿದ್ಯಾ?"

ಅಲ್ಲಿಯವರೆಗೂ ಇದು ನನ್ನ ಕಿವಿಯ ಹುಚ್ಚೇ ಇರಬಹುದು ಅಂತ ಒಂದು ಸಣ್ಣ ಆಸೆ ಇತ್ತು. "ತಂದಿದೀನಿ, ಮಲಕ್ಕೊ," ಅಂದೆ.

ಬೆಳಿಗ್ಗೆ ಅವನು ಬಾಗಿಲು ತೆಗೆದು ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತ. ಬಗ್ಗಿ ಮಣ್ಣು ಕೆದಕಿದ ಸದ್ದು ಬಂತು.

"ನೆಲ ಒಣಗೈತೆ ಅಕ್ಕ," ಅಂದ. ಆಮೇಲೆ ಮೆಲ್ಲಗೆ, "ನಿನಗೆ ಗೊತ್ತಿತ್ತು."

ದೊಡ್ಡ ಜಗಳವಾಯಿತು. ಸಾಮಾನು ಕಟ್ಟು ಅಂದ. ಕಟ್ಟುವುದಿಲ್ಲ ಅಂದೆ. ಜಗಳದ ಸದ್ದು ಕೇಳಿ ನಾರಾಯಣಮ್ಮ ಓಡಿಬಂದು ಹೊಸ್ತಿಲಾಚೆ ಕೂತುಬಿಟ್ಟರು. ಕೂತವರು ಅಳುತ್ತಾ ಎಲ್ಲವನ್ನೂ ಹೇಳಿದರು.

ಹಲವು ವರ್ಷದ ಹಿಂದಿನ ಮಾತು. ಆ ಸಲ ಹುಳು ಬಹಳ ಚೆನ್ನಾಗಿ ಬಂದಿತ್ತಂತೆ. ನಾಲ್ಕು ಜ್ವರವೂ ದಾಟಿ, ಹೊಟ್ಟೆತುಂಬ ತಿಂದು, ಇನ್ನೇನು ಹಣ್ಣಾಗಬೇಕು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ, ಹತ್ತಲು ಜಾಗ ಹುಡುಕುತ್ತದೆ. ಆಗ ಅದನ್ನು ಎತ್ತಿ ಚಂದ್ರಿಕೆಗೆ ಬಿಡುತ್ತಾರೆ. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ತಟ್ಟೆ, ಅದರಲ್ಲೇ ಗೂಡು ಕಟ್ಟುವುದು. ಮಾರನೆಯ ದಿನ ಬಿಡೋಣ ಅಂತ ಚಂದ್ರಿಕೆಗಳನ್ನೆಲ್ಲ ತೊಳೆದು ಒಣಗಿಸಿದ್ದರು. ಪಕ್ಕದ ಟೊಮೊಟೊ ತೋಟಕ್ಕೆ ಔಷಧಿ ಹೊಡೆದದ್ದು ಗಾಳಿಗೆ ಬಂದು ಇವರ ಸೊಪ್ಪಿನ ಮೇಲೆ ಕೂತಿತ್ತು. ತಿಳಿಯದೆ ಅದೇ ಸೊಪ್ಪನ್ನು ತಂದು ಹಾಕಿದರು.

"ನಾನೇ ಹಾಕ್ದೆ ಕಣಮ್ಮ, ಈ ಕೈಯಲ್ಲೇ," ಅಂದರು ನಾರಾಯಣಮ್ಮ. "ಮಳೆ ನಿಂತಂಗೆ ಸದ್ದು ನಿಂತೋಯ್ತು. ದೀಪ ತಂದು ನೋಡಿದ್ರೆ ಎಲ್ಲಾ ಒದ್ದಾಡ್ತಾ ಇದ್ವು. ನಮ್ಮನೆಯೋರು ಚಂದ್ರಿಕೆಗೆಲ್ಲ ಬೆಂಕಿ ಇಟ್ಬಿಟ್ರು. ಆವತ್ತಿಂದ ನಾನು ಇದರೊಳಗೆ ಕಾಲಿಕ್ಕಿಲ್ಲ. ಸದ್ದು ಮಾತ್ರ ಬತ್ತದೆ, ವರ್ಸಕ್ಕೊಂದ್ಸಲ, ಎಲ್ಡ್ಸಲ. ಬೆಳೀತದೆ, ಬೆಳೀತದೆ, ಕೊನೇ ರಾತ್ರಿ ಅಂಗೇ ನಿಂತೋಯ್ತದೆ. ನನಗೊಬ್ಳಿಗೇ ಕೇಳೋದು ಅನ್ಕೊಂಡಿದ್ದೆ."

"ಕೊನೇ ರಾತ್ರಿ ಯಾವತ್ತು?" ಅಂದೆ.

ಅವರು ಮೂಗು ಒರೆಸಿಕೊಂಡರು. "ಸದ್ದು ಇಷ್ಟು ಜೋರಾದ್ಮೇಲೆ ಇವತ್ತೇ ಇರ್ಬೇಕಮ್ಮ."

ಮಂಜು ನನ್ನ ತೋಳು ಹಿಡಿದ. "ನಡಿ ಅಕ್ಕ."

ಕಿತ್ತುಕೊಂಡೆ. "ನೋಡೋ ಮಂಜು, ಇವತ್ತು ನಾನು ಎದ್ದು ಬಂದರೆ ಸಾಯೋ ತನಕ ನಿನ್ನ ಮನೆಯ ಆ ಮೂಲೆಯೇ ಗತಿ. ಇನ್ನೊಂದು ಮನೆ ಅಂತ ಬಾಯಿ ತೆಗೆದಾಗಲೆಲ್ಲ ಇದನ್ನೇ ಎತ್ತಿ ತೋರಿಸ್ತೀಯ. ದೆವ್ವವೋ ಭೂತವೋ, ಅದು ನನಗೆ ಇವತ್ತಿನವರೆಗೆ ಪಾಪ ಅಂದಿಲ್ಲ. ನೀವೆಲ್ಲ ಅಂದಿದ್ದೀರ. ನಾನು ಇಲ್ಲೇ ಇರ್ತೀನಿ. ನಿನಗೆ ಭಯವಾದ್ರೆ ಈ ಅಮ್ಮನ ಮನೆ ಜಗಲಿ ಮೇಲೆ ಮಲಗು."

ಬೈದುಕೊಂಡೇ ಹೋದ. ಆದರೆ ಮಾಲೂರಿಗೆ ಹೋಗಲಿಲ್ಲ, ಜಗಲಿಯ ಮೇಲೇ ಉಳಿದ.

ರಾತ್ರಿ ಚಿಲಕ ಹಾಕಿಕೊಂಡು ಕೋಣೆಯ ನಡುವೆ ಚಾಪೆ ಹಾಸಿ ಕೂತೆ. ಕೈಯಲ್ಲಿ ಕೊಳಲು. ಧೈರ್ಯವೆಲ್ಲ ಹಗಲಿಗೇ ಮುಗಿದಿತ್ತು, ಉಳಿದದ್ದು ಹಟ ಮಾತ್ರ. ಅಂಗೈ ಎಷ್ಟು ಬೆವರುತ್ತಿತ್ತು ಅಂದರೆ ಕೊಳಲನ್ನು ಮತ್ತೆ ಮತ್ತೆ ಸೀರೆಗೆ ಒರೆಸಿಕೊಳ್ಳಬೇಕಾಯಿತು.

ಸದ್ದು ಶುರುವಾಯಿತು. ಹನಿಯಿಂದ ಜಡಿಮಳೆಗೆ ಏರಲು ಹೊತ್ತೇ ಹಿಡಿಯಲಿಲ್ಲ. ನಾಲ್ಕೂ ಕಡೆ, ಮಂಚದ ಎತ್ತರದಲ್ಲಿ, ತಲೆಯ ಎತ್ತರದಲ್ಲಿ, ಸೂರಿನ ತನಕ ಸಾಲುಸಾಲಾಗಿ ಕೇಳಿಸಿತು. ಕೊಳಲು ಊದಿದರೆ ನಿಲ್ಲುತ್ತದೆ ಅಂತ ಗೊತ್ತಿತ್ತು. ಊದಲಿಲ್ಲ. ಪಾಪ, ತಿನ್ನುವುದನ್ನು ಯಾಕೆ ನಿಲ್ಲಿಸಲಿ? "ತಿನ್ನಿ," ಅಂದೆ ಮೆಲ್ಲಗೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಒಮ್ಮೆಲೇ ನಿಂತುಹೋಯಿತು.

ಎಂಥ ನಿಶ್ಶಬ್ದ ಅಂತ ಹೇಗೆ ಹೇಳಲಿ? ನನಗೆ ಲೋಕ ಇರುವುದೇ ಸದ್ದಿನಲ್ಲಿ. ಜೀರುಂಡೆ ಇಲ್ಲ, ನಾಯಿ ಇಲ್ಲ, ದೂರದ ಬೋರ್‌ವೆಲ್ ಮೋಟಾರಿಲ್ಲ. ಗೋಡೆಗಳೇ ಇಲ್ಲದ ಹಾಗಾಯಿತು. ಆಮೇಲೆ ವಾಸನೆ ಬಂತು. ತೋಟಕ್ಕೆ ಹೊಡೆಯುವ ಔಷಧಿಯ ವಾಸನೆ, ಗಂಟಲನ್ನು ಗೀರುವಂಥದ್ದು. ಸುತ್ತಲೂ ಏನೋ ಮೆಲ್ಲಗೆ ಹೊರಳಾಡತೊಡಗಿತು... ಒದ್ದೆ ಬಟ್ಟೆ ನೆಲಕ್ಕೆ ಉಜ್ಜಿದಂತೆ.

ಎದ್ದು ಓಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಬಾಗಿಲು ಯಾವ ಕಡೆ ಅಂತಲೇ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನಾನು ಕುರುಡಿಯಾದೆ. ಆ ಕ್ಷಣದಲ್ಲಿ ಎಲ್ಲಿತ್ತೋ ಸಿಟ್ಟು, ಹೊಟ್ಟೆಯಿಂದ ಉಕ್ಕಿಬಂತು. ಇಷ್ಟು ಬೆಳೆದು, ಇಷ್ಟು ತಿಂದು, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಸಾಯಬೇಕಾ? ಪ್ರತಿ ಸಲವೂ?

"ಸಾಯಬೇಡಿ," ಅಂತ ಗದರಿ ಕೊಳಲು ತುಟಿಗಿಟ್ಟೆ.

ಅಠಾಣ ರಾಗ ಹಿಡಿದೆ. ನನ್ನ ಗುರುಗಳು ಅದನ್ನು ಜಗಳದ ರಾಗ ಅನ್ನುತ್ತಿದ್ದರು. ಮೊದಲ ಉಸಿರಿಗೇ ಔಷಧಿ ಒಳಗೆ ಹೋಗಿ ಕೆಮ್ಮು ಬಂತು. ಉಗುಳಿ ಮತ್ತೆ ಹಿಡಿದೆ. ಮತ್ತೆ ಕೆಮ್ಮು, ಮತ್ತೆ ಹಿಡಿದೆ. ತುಟಿ ಉರಿಯಿತು, ತಲೆ ಸುತ್ತಿತು. ಬಿಡಲಿಲ್ಲ. ತಾರಸ್ಥಾಯಿಗೆ ಹೋಗಿ ನಿಂತಾಗ ನಾದ ಎಲ್ಲೋ ಹೋಗಿ ಗೋಡೆಗೆ ತಾಗಿ ಮರಳಿ ಬಂತು. ಅಬ್ಬಾ, ಗೋಡೆ ಇದೆ ಅಂದುಕೊಂಡೆ.

ಆಗ ಕಾಲಿನ ಹೆಬ್ಬೆರಳಿಗೆ ಏನೋ ತಾಗಿತು.

ತಣ್ಣಗೆ, ಮೆತ್ತಗೆ. ಬೆರಳು ಹತ್ತಿತು, ಪಾದ ಹತ್ತಿತು. ಇನ್ನೊಂದು ಹತ್ತಿತು. ಮಂಡಿಯ ಮೇಲೆ, ಸೀರೆಯ ನೆರಿಗೆಯ ಮೇಲೆ, ಮೊಣಕೈ ಮೇಲೆ. ಒಂದೊಂದಕ್ಕೂ ತೂಕವೇ ಇಲ್ಲ, ಎಲ್ಲ ಸೇರಿ ಮೈ ಭಾರವಾಯಿತು. ಹಣ್ಣಾದ ಹುಳುಗಳಿಗೆ ಹತ್ತಲು ಜಾಗ ಬೇಕು. ಚಂದ್ರಿಕೆ ಸುಟ್ಟುಹೋಗಿದೆ. ಆ ಕೋಣೆಯಲ್ಲಿ ನೆಟ್ಟಗೆ ಕೂತಿದ್ದವಳು ನಾನೊಬ್ಬಳೇ.

ಕೊಡವಿಕೊಳ್ಳಲು ಕೈ ಬಿಟ್ಟರೆ ಸ್ವರ ನಿಲ್ಲುತ್ತದೆ. ಸ್ವರ ನಿಂತರೆ ಏನಾಗುತ್ತದೋ ತಿಳಿಯದು. ಕಿರುಚದೆ ನುಡಿಸಿದೆ. ಒಂದು ನನ್ನ ಬೆರಳಿನ ಮೇಲೇ ಬಂದು ಕೂತಿತು. ಬೆರಳೆತ್ತಿದರೆ ಅದೂ ಏಳುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳಿಗೂ ಬೆರಳಿಗೂ ನಡುವೆ ಏನೋ ತೆಳ್ಳಗೆ ಎಳೆದಂತಾಯಿತು. ಕತ್ತಿನ ಹತ್ತಿರ, ಕಿವಿಯ ಹಿಂದೆ, ರೆಪ್ಪೆಯ ಮೇಲೂ. ಅಳು ಬಂತು. ಅಳುತ್ತಲೇ ನುಡಿಸಿದೆ.

ಎಲ್ಲೋ ಕೋಳಿ ಕೂಗಿತು. ನಾಯಿ ಬೊಗಳಿತು, ಮೋಟಾರಿನ ಸದ್ದು ಬಂತು. ಮೈ ಹಗುರಾಯಿತು. ಔಷಧಿಯ ವಾಸನೆ ಇರಲಿಲ್ಲ. ತೋಳು ತಡವಿಕೊಂಡೆ, ಕೈಗೆ ಏನೂ ಸಿಗಲಿಲ್ಲ. ನಾನೇ ಎದ್ದು, ನಾನೇ ಹುಡುಕಿ, ಚಿಲಕ ತೆಗೆದೆ.

"ಅಕ್..." ಅಂದ ಬಾಗಿಲ ಬಳಿಯೇ ಕಾದಿದ್ದ ಮಂಜು.

"ಏನಾಯ್ತೋ?" ಅಂದೆ. ಅವನು ಹಿಂದೆ ಸರಿದದ್ದು ಕೇಳಿಸಿತು. ನಾರಾಯಣಮ್ಮನ ಬಳೆ ಸದ್ದು ಹತ್ತಿರ ಬಂತು. ಬಂದವರು ನನ್ನನ್ನು ಹಿಡಿದು ಅದೇ ಕೋಣೆಯೊಳಗೆ ಕರೆದುಕೊಂಡು ಹೋಗಿ ಕೂರಿಸಿದರು. "ಅಲ್ಲಾಡ್ಬೇಡ ತಾಯಿ," ಅಂದರು. ಅವರ ಬೆರಳು ನನ್ನ ಕೂದಲು, ಭುಜ, ತೋಳಿನ ಮೇಲೆಲ್ಲ ಓಡಾಡಿತು, ನಿಧಾನವಾಗಿ, ಚಂದ್ರಿಕೆಯಿಂದ ಗೂಡನ್ನು ಒಂದೊಂದಾಗಿ ಬಿಡಿಸುವ ಹಾಗೆ. ನನ್ನ ಕೈಗೆ ಸಿಗದ ಅದನ್ನು ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಅವರ ಕಣ್ಣೀರು ನನ್ನ ಕೈಮೇಲೆ ಬಿತ್ತು.

"ಏನಮ್ಮ ಅದು? ನನ್ನ ಕೈಗೆ ಕೊಡಿ," ಅಂದೆ.

"ಏನಿಲ್ಲ," ಅಂದರು. ಸೆರಗು ಗಂಟು ಹಾಕಿಕೊಂಡು ಎದ್ದು ಹೋದರು.

ಆ ಸದ್ದು ಮತ್ತೆ ಬಂದಿಲ್ಲ. ತಿಂಗಳು ಮುಗಿಯಿತು, ಮಂಜು ಬಾ ಅನ್ನಲಿಲ್ಲ. "ನೀನು ಅಲ್ಲೇ ಇರು ಅಕ್ಕ," ಅಂದ ಫೋನಿನಲ್ಲಿ, ದೊಡ್ಡವರ ಜೊತೆ ಮಾತಾಡುವ ದನಿಯಲ್ಲಿ. ಮನೆ ನನ್ನದೇ ಆಯಿತು. ಗೆದ್ದೆ ಅಂತಲೇ ಹೇಳುತ್ತೇನೆ. ಆದರೆ ಈಗಲೂ ಸಾಧನೆಗೆ ಕೂತರೆ ಕಾಲನ್ನು ಸೀರೆಯೊಳಗೆ ಮಡಿಚಿಕೊಳ್ಳುತ್ತೇನೆ, ಬೆರಳು ನೆಲಕ್ಕೆ ತಾಗದ ಹಾಗೆ.

ಇನ್ನೊಂದು ಮಾತಿದೆ. ಚಿಕ್ಕಂದಿನಿಂದಲೂ ಕಂಡದ್ದನ್ನೆಲ್ಲ, ನಾನು ಕೇಳದಿದ್ದರೂ, ನನಗೆ ಹೇಳುವವನು ಮಂಜು. ಬಸ್ಸಿನ ಬಣ್ಣ, ಮೋಡದ ಆಕಾರ, ಎದುರು ಬಂದವರ ಸೀರೆ... ಸಾಕು ಮಾಡೋ ಅಂತ ನಾನೇ ಬೈಯಬೇಕು. ಆ ಬೆಳಿಗ್ಗೆ ಬಾಗಿಲು ತೆಗೆದಾಗ ನಾನು ಹೇಗೆ ಕಾಣುತ್ತಿದ್ದೆ ಅಂತ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೇರೆ ಮಾತು ತೆಗೆಯುತ್ತಾನೆ. ನಾರಾಯಣಮ್ಮನೂ ಹೇಳುವುದಿಲ್ಲ. ನನ್ನ ಮೈಮೇಲೆ ಇದ್ದದ್ದನ್ನು ಕಣ್ಣಿರುವ ಇಬ್ಬರು ಬಚ್ಚಿಟ್ಟುಕೊಂಡಿದ್ದಾರೆ. ನಾನು ಕೇಳುವುದನ್ನು ಬಿಟ್ಟಿಲ್ಲ. ಮೊನ್ನೆ ಕೇಳಿದಾಗಲೂ ಅವನು, "ನೀನು ನೋಡಲಿಲ್ವಲ್ಲ ಅಕ್ಕ, ಅದೇ ಒಳ್ಳೇದಾಯ್ತು," ಅಂದ.